ಹೂ ಬಿಟ್ಟ ವಾರ

ಹರಿಹರ,
6 ಏಪ್ರಿಲ್ 2025, ಭಾನುವಾರ

ತಾರಿಕ್ ಅವರಿಗೆ ಗುಲ್ನಾಜ್ ಮಾಡುವ ಸಲಾಂ.

ನಿಮ್ಮ ಆರೋಗ್ಯ ಹೇಗಿದೆ? ಗೋದಾಮಿನಲ್ಲಿ ದಿನವಿಡೀ ನಿಂತು ಬಲಗಾಲಿನ ಹಿಮ್ಮಡಿ ನೋಯುತ್ತದೆ ಎಂದು ಹೋದ ವರ್ಷ ಅಮ್ಮಿಗೆ ಹೇಳಿದ್ದಿರಿ. ಅದನ್ನು ಕೇಳಿದ ಮೇಲೆ ಅಮ್ಮಿ ಎರಡು ತಿಂಗಳು ಪ್ರತಿ ನಮಾಜಿನ ಕೊನೆಗೆ ನಿಮ್ಮ ಹಿಮ್ಮಡಿಗಾಗಿ ಬೇರೆಯಾಗಿ ದುವಾ ಕೇಳಿದರು. ಈಗ ವಾಸಿಯಾಗಿರಬೇಕು. ಲಂಡನ್ನಿನಲ್ಲಿ ಚಳಿ ಇಳಿದಿದೆಯೆ? ಇಲ್ಲಿ ಹತ್ತು ಗಂಟೆಗೆಲ್ಲ ಬಸ್ಸಿನ ಸರಳು ಮುಟ್ಟಲಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮೇಲೆ ನಿಮ್ಮ ಹೆಸರು ಹಿಡಿದು ಬರೆದಿದ್ದೇನೆ, ಮದುವೆಯಾದ ಎಂಟು ವರ್ಷದಲ್ಲಿ ಇದು ಮೊದಲು. ಅಮ್ಮಿ ಇದ್ದಿದ್ದರೆ ಉರ್ದುವಿನಲ್ಲಿ ಒಮ್ಮೆ ಬೈದು, ನಮ್ಮ ಮಂಡಕ್ಕಿ ಭಟ್ಟಿಯ ಹೆಣ್ಣಾಳುಗಳಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಇನ್ನೊಮ್ಮೆ ಬೈಯುತ್ತಿದ್ದರು. ಫೋನಿನಲ್ಲಿ ಬರೆಯದೆ ಕಾಗದ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ಬರೆದರೆ ನೀವು ಓದಿದ ನೀಲಿ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಕಾಗದಕ್ಕೆ ಆ ಗುರುತೇ ಇಲ್ಲ. ನೀವು ಓದಿದಿರೋ ಇಲ್ಲವೋ ಎಂದು ನಾನು ಕಾಯಬೇಕಾಗಿಲ್ಲ.

ಈದ್ ದಿನ ನೀವು ಕಳಿಸಿದ ಧ್ವನಿ ಸಂದೇಶ ಕೇಳಿದೆ. ನಲವತ್ತೊಂದು ಸೆಕೆಂಡು. ಹಿಂದೆ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದ ಸದ್ದಿತ್ತು, ಅದರ ಬಗ್ಗೆ ನಾನು ಕೇಳುವುದಿಲ್ಲ. ನೀವು ಕೇಳಿದ್ದು ಒಂದೇ ಮಾತು: "ಗುಲ್ನಾಜ್, ಸುತ್ತಿಬಳಸಬ್ಯಾಡ, ಅಮ್ಮಿ ದೂಧ್ ಮಾಫ್ ಮಾಡಿದ್ಲಾ ಇಲ್ಲಾ?" ಸಾಯುವ ತಾಯಿ ನಾಲ್ಕು ಜನರೆದುರು ಬಾಯಿಬಿಟ್ಟು, ಕುಡಿಸಿದ ಹಾಲಿನ ಋಣ ಬಿಟ್ಟೆ ಎಂದು ಹೇಳದಿದ್ದರೆ ಆ ಮಗನಿಗೆ ಇಲ್ಲೂ ನೆಮ್ಮದಿಯಿಲ್ಲ, ಅಲ್ಲೂ ಇಲ್ಲ ಎಂದು ನಮ್ಮಲ್ಲಿ ನಂಬಿದ್ದಾರೆ. ನೀವೂ ನಂಬಿದ್ದೀರಿ ಎಂದು ಆ ದನಿಯಲ್ಲೇ ಗೊತ್ತಾಯಿತು. ಅಮ್ಮಿ ತೀರಿಹೋದ ದಿನ ನಾನು ಫೋನ್ ಮಾಡಿದಾಗ ನೀವು ಅತ್ತಿರಿ. ನಿಜವಾಗಿಯೇ ಅತ್ತಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಲಿನ ವಿಷಯ ನೆನಪಾಗಲು ನಿಮಗೆ ಎರಡು ತಿಂಗಳು ಬೇಕಾಯಿತು. ಪಕ್ಕದ ಮನೆಯ ಹಯಾತ್ ಸಾಬರು ಆ ಮಾತಿಗೆ ಸಾಕ್ಷಿಯಾಗಿದ್ದವರು. ಅವರನ್ನು ಕೇಳುವ ಧೈರ್ಯವಾಗದೆ ನನ್ನನ್ನು ಕೇಳಿದಿರಿ. ಉತ್ತರ ಈ ಕಾಗದದಲ್ಲಿದೆ. ಕೊನೆಯ ಪುಟಕ್ಕೆ ಹಾರಬೇಡಿ. ಅಮ್ಮಿ ಆ ಉತ್ತರಕ್ಕೆ ಹೇಗೆ ಬಂದರು ಎಂದು ತಿಳಿಯದಿದ್ದರೆ ಉತ್ತರ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

2023ರ ಅಕ್ಟೋಬರಿನಲ್ಲಿ ನಿಮ್ಮ ಗೆಳೆಯರೊಬ್ಬರು ರಜೆಗೆ ಬಂದಾಗ, ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು ತಂದ ಕಾಗದದ ಪೊಟ್ಟಣ ಕೊಟ್ಟುಹೋದರು. ನೀವು ಗೋದಾಮಿನಲ್ಲಿ ದಿನಕ್ಕೆ ಸಾವಿರಗಟ್ಟಲೆ ಕಟ್ಟುವ ಪೊಟ್ಟಣಗಳಲ್ಲಿ ಒಂದು. ಒಳಗೆ ಹನ್ನೆರಡು ಸ್ನೋಡ್ರಾಪ್ ಹೂವಿನ ಗಡ್ಡೆ. ಮಂಡಕ್ಕಿ ಚೀಲ ಹೊಲಿಯುತ್ತಿದ್ದ ಚೌಡೇಶ್ವರಿ ಎದ್ದುಬಂದು ಒಂದನ್ನು ಮೂಸಿ ನೋಡಿ, "ಅಮ್ಮಾರೇ, ಲಂಡನ್ ಬೆಳ್ಳುಳ್ಳಿ ಕಳಿಸ್ಯಾನಲ್ರೀ ನಿಮ್ಮ ಮಗ, ಒಗ್ಗರಣಿಗೆ ಹಾಕ್ಲಾ?" ಎಂದಳು. ಅಮ್ಮಿ ಅವಳ ಕೈಗೆ ಹೊಡೆದು ಕಸಿದುಕೊಂಡರು. ಆ ಸಂಜೆ ವಿಡಿಯೋ ಕಾಲ್ ಮಾಡಿದಾಗ ಅಮ್ಮಿ ಗಡ್ಡೆಗಳನ್ನು ಸೆರಗಿನಲ್ಲಿ ಹಾಕಿಕೊಂಡು ನಿಮಗೆ ತೋರಿಸುತ್ತ, ಎಂದಿನ ಪ್ರಶ್ನೆ ಕೇಳಿದರು: ಯಾವಾಗ ಬರ್ತೀಯಪ್ಪಾ? ನೀವು ನಕ್ಕಿರಿ. "ಅಮ್ಮಿ, ಇವನ್ನ ನೆಡ್ಸು. ಹಾಲಿನಂಗೆ ಬೆಳ್ಳಗೆ ಹೂ ಬಿಡ್ತಾವೆ. ಹೂ ಬಿಟ್ಟ ವಾರಾನೇ ನಾನು ಮನ್ಯಾಗಿರ್ತೀನಿ, ನಿನ್ನ ಕಸಮ್" ಎಂದು ಆಣೆಯಿಟ್ಟಿರಿ. ಹಾಲಿನ ಮಾತು ತೆಗೆದವರು ನೀವೇ. ಅಮ್ಮಿ ಅದನ್ನು ಅಲ್ಲೇ ಹಿಡಿದುಕೊಂಡರು: "ಹೂ ಬಿಟ್ಟೂ ಬರ್ಲಿಲ್ಲ ಅಂದ್ರೆ ನೋಡು, ದೂಧ್ ಮಾಫ್ ಮಾಡಲ್ಲ. ಸಾಯೋವಾಗ್ಲೂ ಮಾಡಲ್ಲ." ನೀವು ಇನ್ನೂ ನಗುತ್ತಿದ್ದಿರಿ. "ಮಾಡಬ್ಯಾಡ ಬಿಡು" ಎಂದಿರಿ. ನಾನು ಹಿಂದೆ ನಿಂತು ಫೋನ್ ಹಿಡಿದಿದ್ದೆ. ಅಮ್ಮಿಗೆ ಕೈ ನಡುಗುತ್ತಿತ್ತಲ್ಲ.

ಆ ರಾತ್ರಿ ಪೊಟ್ಟಣ ಮಡಚಿ ಇಡುವಾಗ ಒಳಗೊಂದು ಚೀಟಿ ಸಿಕ್ಕಿತು. ನೆಡುವ ಆಳ, ನೀರು, ನೆರಳು, ಎಲ್ಲ ಚಿತ್ರಸಹಿತ. ಕೊನೆಯ ಸಾಲು: ಚಳಿಗಾಲದಲ್ಲಿ ಹಲವು ವಾರ ಕೊರೆಯುವ ಚಳಿ ಸಿಗದ ಕಡೆ ಈ ಗಡ್ಡೆ ಹೂ ಬಿಡುವುದಿಲ್ಲ. ಎರಡು ಸಲ ಓದಿದೆ. ಈ ಹೂ ನನಗೆ ಪೂರ್ತಿ ಹೊಸದಲ್ಲ. ನಮ್ಮ ಶಾಲೆಯ ಲೈಬ್ರರಿಯಲ್ಲಿರುವ ಅನುವಾದದ ಕಾದಂಬರಿಗಳಲ್ಲಿ ಬರುತ್ತದೆ. ಒಬ್ಬ ಅನುವಾದಕರು ಅದಕ್ಕೆ ಹಿಮಬಿಂದು ಎಂದು ಹೆಸರಿಟ್ಟರೆ ಇನ್ನೊಬ್ಬರು ಮಲ್ಲಿಗೆ ಎಂದೇ ಬರೆದು ಕೈತೊಳೆದುಕೊಂಡಿದ್ದಾರೆ. ಇಬ್ಬರ ಪುಸ್ತಕದಲ್ಲೂ ಅದು ಹಿಮ ಸೀಳಿಕೊಂಡೇ ಬರುವ ಹೂ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಅಂಗಳದಲ್ಲಿ ಬೂದಿ ಸೀಳಿಕೊಂಡು ಬರುವ ಹೂ ಅಲ್ಲ. ಆ ಚೀಟಿಯನ್ನು ಪೊಟ್ಟಣಕ್ಕೆ ಹಾಕಿದ ಕೈ ನಿಮ್ಮದೇ ಇರಬೇಕು. ದಿನವೂ ಹಾಕುವವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರುತ್ತದೆ. ಮರುದಿನ ನಿಮಗೆ "ಚೀಟಿ ಓದಿದೆ" ಎಂದಷ್ಟೇ ಬರೆದೆ. ನೀಲಿ ಗುರುತು ಬಂತು.

ಅಮ್ಮಿಗೆ ಚೀಟಿ ಓದಿ ಹೇಳಲಿಲ್ಲ. ಹೇಳಿದ್ದರೆ ಅರ್ಥ ಒಂದೇ: ನಿಮ್ಮ ಮಗ ಬರುವುದಿಲ್ಲ, ಬರುವುದಿಲ್ಲ ಎನ್ನುವುದನ್ನು ಹೂವಿನ ಬಾಯಲ್ಲಿ ಹೇಳಿಸಿದ್ದಾನೆ. ಹೇಳಲು ನಾನು ಯಾರು ಎಂದು ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅಮ್ಮಿ ತಮ್ಮದೇ ರೀತಿಯಲ್ಲಿ ಕೆಲಸ ಶುರು ಮಾಡಿದ್ದರು. ನಲವತ್ತು ವರ್ಷ ಭತ್ತ ನೆನೆಸಿದವರು. ಯಾವ ಕಾಳಾದರೂ ಮೊದಲು ಬಿಸಿನೀರು ಕುಡಿಯಬೇಕು, ಆಮೇಲೆಯೇ ಅದು ಅರಳುವುದು ಎಂಬುದು ಅವರ ಶಾಸ್ತ್ರ. ಮಂಡಕ್ಕಿ ಮಾಡುವವರಿಗೆ ಅರಳುವುದು ಎಂದರೆ ಅದೇ ತಾನೆ. ನಾನು ಶಾಲೆಗೆ ಹೋದಾಗ ನಾಲ್ಕು ಗಡ್ಡೆ ಬಟ್ಟೆಯಲ್ಲಿ ಕಟ್ಟಿ ಭತ್ತದ ತೊಟ್ಟಿಯೊಳಗೆ ಇಳಿಬಿಟ್ಟಿದ್ದಾರೆ. ಸಂಜೆ ಬಂದು ನೋಡಿದರೆ ಬೆಂದ ಈರುಳ್ಳಿಯಂತೆ ಬೆರಳಿಗೆ ಅಂಟುತ್ತಿದ್ದವು. "ಮೆತ್ತಗಾಗ್ಯಾವೆ, ಇನ್ನ ಜಲ್ದಿ ಮೊಳಕಿ ಬರ್ತಾವೆ" ಎಂದರು ಅಮ್ಮಿ, ಬಹಳ ಸಂತೋಷದಿಂದ. ಅವನ್ನೂ ಉಳಿದವುಗಳ ಜೊತೆ ನೆಟ್ಟೆ. ನೆಡುವ ಜಾಗ ಅಮ್ಮಿಯೇ ಆರಿಸಿದ್ದು, ಭಟ್ಟಿಯ ಗೋಡೆಯ ಪಕ್ಕ, ಇಡೀ ದಿನ ಬಿಸಿಲು. ನೆರಳಿಗೆ ಹಾಕೋಣ ಎಂದಿದ್ದಕ್ಕೆ, "ಬಿಸಿಲು ಬ್ಯಾಡ್ವೇನು ಗಿಡಕ್ಕ? ನೀನು ಪುಸ್ತಕ ಓದ್ಕೋ ಹೋಗವ್ವಾ ಟೀಚರಮ್ಮಾ" ಎಂದರು. ಒಟ್ಟು ಎಂಟು ನೆಟ್ಟೆ. ನಾಲ್ಕನ್ನು ಮೊದಲೇ ಕರವಸ್ತ್ರದಲ್ಲಿ ಕಟ್ಟಿ ಹರಿಹರಕ್ಕೆ ಒಯ್ದಿದ್ದೆ. ಕಣ್ಣು ಮಂಜಾಗಿದ್ದ ಅಮ್ಮಿ ಎಣಿಸಲಿಲ್ಲ.

ಹರಿಹರದಲ್ಲಿ ನಮ್ಮ ಶಾಲೆಯ ಶಾಂತಕುಮಾರಿ ಟೀಚರ್ ನಿಮಗೆ ಗೊತ್ತು, ನಮ್ಮ ಮದುವೆಗೆ ಬಂದು ಊಟದ ಬದಲು ಬಾಳೆಹಣ್ಣು ತಿಂದುಹೋದವರು. ಅವರ ಮನೆಯಲ್ಲಿ ಎರಡು ಬಾಗಿಲಿನ ಫ್ರಿಜ್ ಇದೆ. ಗಡ್ಡೆಗಳನ್ನು ಸಣ್ಣ ಮಣ್ಣಿನ ಕುಂಡದಲ್ಲಿ ನೆಟ್ಟು ತರಕಾರಿ ಡಬ್ಬಿಯೊಳಗೆ ಇಟ್ಟೆವು. ಚಳಿಗಾಲ ಇಲ್ಲದ ಊರಿನಲ್ಲಿ ಬದನೆಕಾಯಿಯ ಪಕ್ಕ ಒಂದು ಚಳಿಗಾಲ ಮಾಡಿದೆವು. ಅವರ ಅತ್ತೆ ದಿನಾ, "ಮಣ್ಣು ತಿನ್ನೋ ಬಸುರಿ ಯಾರವ್ವಾ ಮನ್ಯಾಗ?" ಎಂದು ಕೇಳುತ್ತಿದ್ದರಂತೆ. ಕರೆಂಟ್ ಹೋದಾಗ ಇಡಲು ಮೀನಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆ ತರುತ್ತೇನೆ ಎಂದರೆ, "ಮೀನಿನ ಪೆಟ್ಟಿಗಿ ಬಂತೂ ಅಂದ್ರೆ ನಮ್ಮತ್ತಿ ಅವತ್ತೇ ಐಕ್ಯ ಆಗ್ತಾಳೆ" ಎಂದು ಐಸ್‌ಕ್ರೀಮ್ ಅಂಗಡಿಯಿಂದ ಒಂದನ್ನು ಬೇಡಿ ತಂದರು. ಆ ವರ್ಷ ಎರಡು ಗಡ್ಡೆಯಲ್ಲಿ ಎಲೆ ಬಂತು, ಗರಿಕೆಗಿಂತ ಸ್ವಲ್ಪ ಅಗಲ. ಹೂ ಬರಲಿಲ್ಲ. ಎಲೆ ಒಣಗಿದ ಮೇಲೆ ಕುಂಡವನ್ನು ಅವರ ಹಿತ್ತಲಿನ ನೀರಿನ ತೊಟ್ಟಿಯ ನೆರಳಿಗಿಟ್ಟು, ಸೆಪ್ಟೆಂಬರಿನಲ್ಲಿ ಮತ್ತೆ ಫ್ರಿಜ್‌ಗೆ ಸೇರಿಸಿದೆವು. ಅಮ್ಮಿಗೆ ಈ ಕುಂಡದ ವಿಷಯ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಆಸೆ ಹುಟ್ಟಿಸುವ ಕೆಲಸವನ್ನು ನೀವು ಆಗಲೇ ಮಾಡಿ ಮುಗಿಸಿದ್ದಿರಿ.

ಅಂಗಳದಲ್ಲಿ ಏನೂ ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ. 2024ರ ಫೆಬ್ರವರಿಯಲ್ಲಿ ಒಂದು ಶನಿವಾರ, ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅಮ್ಮಿ ಸಲಿಕೆ ಹಿಡಿದು ಗೋಡೆಯ ಪಕ್ಕ ಕೂತಿದ್ದರು. ಅಗೆದು ನೋಡಿದ್ದರು. ಐದು ಕೊಳೆತಿದ್ದವು, ಮೂರು ಕಡಲೆ ಸಿಪ್ಪೆಯಂತೆ ಹಗುರಾಗಿದ್ದವು. ನನ್ನನ್ನು ಹತ್ತಿರ ಕರೆದರು. ಕೈ ಹಿಡಿದರು. ಏಟು ಬೀಳಬಹುದು ಎಂದುಕೊಂಡೆ. ಬೀಳಲಿಲ್ಲ. ಅಂಗೈ ಮೇಲೆ ಮಾಡಿ, ಭತ್ತ ಕೇರುತ್ತಿದ್ದ ಹೆಂಗಸರಿಗೆಲ್ಲ ತೋರಿಸಿದರು, ಅಂಗಡಿಯಲ್ಲಿ ಹುಳುಕು ಬಂದ ಬದನೆಕಾಯಿ ತೋರಿಸುವ ಹಾಗೆ. "ನೋಡ್ರೇ, ಸರಿಯಾಗಿ ನೋಡ್ಕಳ್ರಿ. ಏಳು ವರ್ಷ ಆತು ಈ ಕೈ ನಮ್ಮನಿಗೆ ಬಂದು. ಏನಾದ್ರೂ ಹುಟ್ಟೈತಾ ಇದ್ರಾಗ? ಮಗು ಬ್ಯಾಡ, ಅಲ್ಲಾನ ಮರ್ಜಿ ಅಂದ್ಕಂಡೆ. ಒಂದು ಗಡ್ಡಿ ಮೊಳಕಿ ಬ್ಯಾಡ್ವಾ? ಇದ್ರ ಸಲುವಾಗಿ ನನ್ನ ಮಗ ಬರವಲ್ಲ." ಚೌಡೇಶ್ವರಿ ಮೊರದಿಂದ ತಲೆ ಎತ್ತಲಿಲ್ಲ. ಉಳಿದವರು ನೋಡಿದರು. ನಾನೂ ನನ್ನ ಅಂಗೈ ನೋಡಿಕೊಂಡೆ, ಸೀಮೆಸುಣ್ಣದ ಪುಡಿ ಇತ್ತು. ಡಾಕ್ಟರ ಹತ್ತಿರ ನನ್ನ ಪರೀಕ್ಷೆ ಆದದ್ದು, ವರದಿಯಲ್ಲಿ ದೋಷವಿಲ್ಲ ಎಂದು ಬಂದದ್ದು, ನಿಮ್ಮ ಪರೀಕ್ಷೆಗೆ ನೀವು ಮೂರು ಸಲ ದಿನ ಕೊಟ್ಟು ಹೋಗದೇ ಇದ್ದದ್ದು, ಇದೆಲ್ಲ ನಮ್ಮಿಬ್ಬರಿಗೆ ಗೊತ್ತು. ಅಮ್ಮಿಗೆ ನಾನು ಹೇಳಲಿಲ್ಲ, ನೀವೂ ಹೇಳಲಿಲ್ಲ. ಚೀಟಿ ಆಗ ನನ್ನ ಬ್ಯಾಗಿನಲ್ಲೇ ಇತ್ತು. ಒಂದು ಸಲ ತೆಗೆದೂ ತೆಗೆದೆ. "ಏನದು?" ಎಂದರು ಅಮ್ಮಿ. ಶಾಲೆಯ ಸರ್ಕ್ಯುಲರ್ ಎಂದು ಮತ್ತೆ ಒಳಗಿಟ್ಟೆ.

ಅಮ್ಮಿ ಕೆಟ್ಟವರಾಗಿರಲಿಲ್ಲ. ಇದನ್ನು ನೀವು ತಿಳಿದಿರಬೇಕು, ಯಾಕೆಂದರೆ ಅವರ ಬಗ್ಗೆ ನಿಮಗಿಂತ ಹೆಚ್ಚು ನನಗೆ ಗೊತ್ತು. ಬೈದ ಮರುದಿನವೂ ಬೆಳಿಗ್ಗೆ ಬಿಸಿ ಮಂಡಕ್ಕಿಯ ಮೊದಲ ಹುರಿಯಲ್ಲಿ ಒಂದು ಡಬ್ಬಿ ನನಗೆ ತೆಗೆದಿಡುತ್ತಿದ್ದರು. "ಬಸ್ಸಿನಾಗ ತಿನ್ನು, ಹಸ್ಕಂಡು ಪಾಠ ಮಾಡಬ್ಯಾಡ" ಎಂದು ಬ್ಯಾಗಿಗೆ ತುರುಕುತ್ತಿದ್ದರು. ಹರಿಹರದ ಸೇತುವೆ ಬರುವ ತನಕ ಅದು ಬೆಚ್ಚಗೇ ಇರುತ್ತಿತ್ತು. ನಾನೂ ಒಳ್ಳೆಯವಳೆಂದು ತಿಳಿಯಬೇಡಿ. ಅಂಗೈ ತೋರಿಸಿದ ಆ ಸಂಜೆ ಅಮ್ಮಿಯ ನೀರಿನ ಲೋಟವನ್ನು ಮಂಚದಿಂದ ಒಂದು ಮೊಳ ಆಚೆ ಇಟ್ಟೆ. ಅವರು ಕೈ ಚಾಚಿ, ಸಿಗದೆ, ಮತ್ತೆ ಚಾಚುವುದನ್ನು ಅಡುಗೆಮನೆಯಿಂದ ನೋಡಿದೆ. ನಾಲ್ಕನೆಯ ಸಲಕ್ಕೆ ಹೋಗಿ ಕೊಟ್ಟೆ. ಎಣಿಸಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಮ್ಮಿಯ ಕಾಲು ಊದಿಕೊಂಡಿತು. ಹೃದಯದ ಶಕ್ತಿ ಕಡಿಮೆಯಾಗಿದೆ ಎಂದರು. ಡಿಸೆಂಬರಿಗೆ ಹಾಸಿಗೆ ಹಿಡಿದರು. ಅಂಗಳದಲ್ಲಿ ಗಡ್ಡೆಗಳಿಲ್ಲ ಎಂಬುದು ಅವರಿಗೆ ಮರೆತೇಹೋಯಿತು. ತಾವೇ ಅಗೆದು ಬಿಸಾಡಿದ್ದು ನೆನಪಿಲ್ಲ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಸದ್ದಾದ ಕೂಡಲೆ ಒಳಗಿನಿಂದ, "ಹೂ ಬಿಟ್ಟೈತಾ?" ನಾನು, "ಇಲ್ಲ ಅಮ್ಮಿ." ಆಮೇಲೆ ಅವರು ಗೋಡೆ ಕಡೆ ಹೊರಳಿ ನಿಮಗೆ ದುವಾ, ನನಗೆ ಶಾಪ, ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಹಯಾತ್ ಸಾಬರ ಹೆಂಡತಿ ಒಮ್ಮೆ ಕೇಳಲಾರದೆ, "ಮಗನೇ ಬರ್ಲಿಲ್ಲ, ಸೊಸೀನ ಯಾಕ ಬೈತಿಯವ್ವಾ?" ಎಂದಿದ್ದಕ್ಕೆ, ಅಮ್ಮಿ ಎದ್ದು ಕೂತೇ ಬಿಟ್ಟರು. "ನನ್ನ ಮಗ ಹೂ ಬಿಟ್ರೆ ಬರ್ತೀನಿ ಅಂದಾನೆ. ಬಿಡಿಸ್ಲಿ ಇವಳು. ಬಿಟ್ಟೂ ಬರ್ಲಿಲ್ಲ ಅಂದ್ರೆ ಆಗ ಕೇಳು ನನ್ನ. ಅವನ್ನ ಮಗ ಅನ್ನಲ್ಲ ನಾನು." ಹೀಗೆ, ಹೂ ಬಿಡದ ತನಕ ತಪ್ಪು ನನ್ನದು. ಹೂ ಬಿಟ್ಟ ಗಳಿಗೆಯಿಂದ ನಿಮ್ಮದು. ಈ ನ್ಯಾಯವನ್ನು ಅಮ್ಮಿ ಕೊನೆಯ ತನಕ ಒಂದು ಕೂದಲೆಳೆ ಆಚೀಚೆ ಮಾಡಲಿಲ್ಲ.

ಜನವರಿ 22, ಬುಧವಾರ. ಹಿಂದಿನ ಸಂಜೆ ಡಾಕ್ಟರ್ ನನ್ನನ್ನು ಹೊರಗೆ ಕರೆದು, ಇನ್ನು ಹತ್ತು ದಿನ, ಹೆಚ್ಚೆಂದರೆ ಎರಡು ವಾರ ಎಂದಿದ್ದರು. ಶಾಲೆ ಬಿಟ್ಟ ಮೇಲೆ ಶಾಂತಕುಮಾರಿ ಟೀಚರ ಮನೆಯಲ್ಲಿ ಚಹಾ ಕುಡಿಯುತ್ತ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಮಗೆ ಬರೆದೆ: "ಅಮ್ಮಿ ಇನ್ನು ಹೆಚ್ಚು ದಿನ ಇರುವುದಿಲ್ಲ. ಡಾಕ್ಟರ್ ಹೇಳಿದ್ದಾರೆ. ಈಗಲೇ ಹೊರಟು ಬನ್ನಿ." ಅಪರೂಪಕ್ಕೆ ಉತ್ತರ ಬಂತು, ಹನ್ನೆರಡೇ ನಿಮಿಷದಲ್ಲಿ. "ಹೂ ಬಿಡ್ತಾ?" ಎಂದು. ಪಕ್ಕದಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಗುವ ಆ ಹಳದಿ ಮುಖ. ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ, ನಿಮ್ಮದರಲ್ಲೂ ಇರಬೇಕು, ತೆಗೆದು ನೋಡಬಹುದು. ಅದನ್ನು ನೀವು ಕೆಟ್ಟ ಮನಸ್ಸಿನಿಂದ ಬರೆದಿರಲಿಕ್ಕಿಲ್ಲ. ಪಾಳಿ ಮುಗಿದಿರಬೇಕು, ಹತ್ತಿರ ಯಾರೋ ಕೂತಿರಬೇಕು, ಅಮ್ಮಿಯ ಕಾಯಿಲೆ ಯಾವಾಗಲೂ ಇದ್ದದ್ದೇ ಅನ್ನಿಸಿರಬೇಕು. ನಿಮಗೆ ಬೇಕಾದಷ್ಟು ಕಾರಣ ನಾನೇ ಹುಡುಕಿ ಕೊಡಬಲ್ಲೆ. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ "ಇಲ್ಲ" ಎಂದು ಬರೆದೆ. ನೀಲಿ ಗುರುತು ಬಂತು.

ಈಗ ನಿಮ್ಮ ಪ್ರಶ್ನೆ. ಜನವರಿ 29ರ ಮಧ್ಯಾಹ್ನ, ಜೊಹರ್ ನಮಾಜ್ ಮುಗಿಸಿ ಹಯಾತ್ ಸಾಬರು ಬಂದು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅವರ ಹೆಂಡತಿ ಅಮ್ಮಿಯ ತಲೆ ಎತ್ತಿ ಹಿಡಿದಿದ್ದರು. ಚೌಡೇಶ್ವರಿ ಬಾಗಿಲ ಬಳಿ ನಿಂತಿದ್ದಳು, ನಾನು ಕಾಲ ಬಳಿ. ಅಂದರೆ ಸಾಕ್ಷಿಗೆ ನಾಲ್ಕು ಜನ, ಲೆಕ್ಕ ಸರಿಯಿದೆ. ಹಯಾತ್ ಸಾಬರು ಮೆಲ್ಲಗೆ, "ಅಮೀನಾ ಬೆಹನ್, ತಾರಿಕ್‌ಗೆ ದೂಧ್ ಮಾಫ್ ಮಾಡ್ಬಿಡವ್ವಾ. ದೂರದಾಗೈತಿ ಹುಡುಗ. ಭಾರ ಇಟ್ಕಂಡು ಹೋಗಬ್ಯಾಡ" ಎಂದರು. ಅಮ್ಮಿಯ ಕಣ್ಣು ಮುಚ್ಚಿತ್ತು. ಕೇಳಿಸಲಿಲ್ಲವೇನೋ ಎಂದು ಅವರು ಮತ್ತೊಮ್ಮೆ ಹೇಳಲು ಬಗ್ಗಿದಾಗ ಅಮ್ಮಿ ಕಣ್ಣು ತೆರೆದು ನೇರವಾಗಿ ನನ್ನ ಕಡೆ ನೋಡಿದರು. "ಹೂ ಬಿಟ್ಟೈತಾ ಕೇಳ್ರಿ ಇವಳ್ನ." ಹಯಾತ್ ಸಾಬರು ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. "ಇಲ್ಲ ಅಮ್ಮಿ" ಎಂದೆ. ಅಮ್ಮಿ ಉಸಿರು ಬಿಟ್ಟರು. ಅವರ ಮುಖದಲ್ಲಿ ಕಂಡದ್ದು ಬೇಸರವಲ್ಲ, ಸಮಾಧಾನ. "ಹೂನೇ ಬಿಟ್ಟಿಲ್ಲ ಅಂದ ಮ್ಯಾಲೆ ನನ್ನ ಮಗಂದೇನು ತಪ್ಪು? ಮಾಫ್ ಮಾಡಿದೀನಿ. ಒಂದು ಹನಿ ಉಳಿಸ್ದಂಗೆ ಮಾಫ್ ಮಾಡಿದೀನಿ. ಎಲ್ಲಾರೂ ಕೇಳ್ಸ್ಕಳ್ರಿ." ಚೌಡೇಶ್ವರಿ ಅತ್ತಳು. ಹಯಾತ್ ಸಾಬರು ಅಲ್ಹಮ್ದುಲಿಲ್ಲಾ ಎಂದರು.

ನಿಮ್ಮ ಹಾಲು ಮಾಫ್ ಆಗಿದೆ. ಹಯಾತ್ ಸಾಬರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಅಮ್ಮಿಯ ಮಾತು ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ನೀರು ಕುಡಿದು ಮತ್ತೆ ಹೇಳಿದರು: "ನನ್ನ ಗೋರಿ ಮ್ಯಾಲೆ ಸಬ್ಜಾ ಹಾಕ್ತೀರಲ್ಲ, ಇವಳ ಕೈಯಾಗಿಂದ ಬ್ಯಾಡ. ಒಣಗಿಸ್ತಾಳೆ." ಆಮೇಲೆ ಅವರು ಸ್ಪಷ್ಟವಾಗಿ ಏನೂ ಹೇಳಲಿಲ್ಲ. ನೀವು ಕೊನೆಯ ಮಾತು ಯಾವುದು ಎಂದು ಕೇಳಲಿಲ್ಲ, ಆದರೂ ಬರೆದಿದ್ದೇನೆ: ಒಣಗಿಸ್ತಾಳೆ. ಜನವರಿ 31ರ ಶುಕ್ರವಾರ ಬೆಳಿಗ್ಗೆ ಹೋದರು. ಅವರನ್ನು ತೊಳೆದದ್ದು ಹಯಾತ್ ಸಾಬರ ಹೆಂಡತಿ ಮತ್ತು ನಾನು. ತೊಳೆಯುವುದು ಯಾರ ಕೈ ಎಂದು ಅಮ್ಮಿ ಹೇಳಿರಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ. ಬೆರಳ ಸಂದಿಯಲ್ಲಿ ಭತ್ತದ ಹೊಟ್ಟಿನ ಕಪ್ಪು ಎಷ್ಟು ತೊಳೆದರೂ ಹೋಗಲಿಲ್ಲ, ಹಾಗೇ ಬಿಟ್ಟೆವು. ಸಬ್ಜಾ ಸಸಿ, ಶಾಲೆಯಲ್ಲಿ ನಾವು ಕಾಮಕಸ್ತೂರಿ ಎನ್ನುವುದು, ನಮ್ಮ ಅಂಗಳದಲ್ಲೇ ಬೇಕಾದಷ್ಟಿತ್ತು, ನಾನು ಬಿತ್ತಿದ್ದು, ಮೊಣಕಾಲೆತ್ತರ ಬೆಳೆದು ಘಮಘಮ ಅನ್ನುತ್ತಿತ್ತು. ಮೂರನೆಯ ದಿನ ಹಯಾತ್ ಸಾಬರು ಅದನ್ನು ಕೀಳಲು ಬಗ್ಗಿದಾಗ ನಾನೇ ನೆನಪಿಸಿದೆ. ಅವರು ಕೈ ಒರೆಸಿಕೊಂಡು, ಬೇರೆ ಯಾರದೋ ಮನೆಯಿಂದ ತರಿಸಿ ನೆಟ್ಟುಬಂದರು. ಅದು ಒಣಗಿದೆಯಂತೆ. ನೀರು ಹಾಕುವವರಿಲ್ಲ.

ಇನ್ನು ಇಲ್ಲಿಯ ಸಮಾಚಾರ. ಭಟ್ಟಿಯನ್ನು ಸದ್ಯಕ್ಕೆ ಹಯಾತ್ ಸಾಬರು ನೋಡಿಕೊಳ್ಳುತ್ತಿದ್ದಾರೆ; ಚೌಡೇಶ್ವರಿ ಇರುವ ತನಕ ಅದು ನಿಲ್ಲುವುದಿಲ್ಲ. ಮನೆಯ ಬೀಗದಕೈ ಅವರ ಹತ್ತಿರ ಇದೆ. ಅಮ್ಮಿಯ ಜಾನಮಾಜ್ ಚಾಪೆ, ಕನ್ನಡಕ, ನಿಮ್ಮ ಏಳನೆಯ ತರಗತಿಯ ಫೋಟೋ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ನಾನು ನಾಲ್ಕು ತಿಂಗಳು ಮನೆಯೊಳಗೆ ಇದ್ದತ್ ಕಾಯುವ ಅಗತ್ಯವಿಲ್ಲದ ವಿಧವೆಯಂತೆ ಹರಿಹರಕ್ಕೆ ಬಂದು, ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ಜಮಾತಿಗೆ ಖುಲಾಕ್ಕಾಗಿ, ಹೆಂಡತಿಯಾಗಿ ನಾನೇ ಕೇಳುವ ತಲಾಖಿಗಾಗಿ, ಅರ್ಜಿ ಕೊಟ್ಟಿದ್ದೇನೆ. ನಿಮಗೆ ಅವರಿಂದ ಬೇರೆ ಕಾಗದ ಬರುತ್ತದೆ, ಸಹಿ ಮಾಡಿ ಕಳಿಸಿ. ಅದಕ್ಕೆ ನೀವು ಬರಬೇಕಾಗಿಲ್ಲ ಎಂದು ವಿಚಾರಿಸಿಕೊಂಡಿದ್ದೇನೆ. ಕೋಣೆಯ ಮುಂದೆ ಎರಡು ಅಡಿ ಮಣ್ಣಿದೆ. ಮೆಂತ್ಯ ಹಾಕಿದ್ದೆ, ನಾಲ್ಕೇ ದಿನಕ್ಕೆ ಬಂತು.

ಹಿಮ್ಮಡಿ ನೋಡಿಕೊಳ್ಳಿ. ಚಳಿಯಲ್ಲಿ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ ಎಂದು ಅಮ್ಮಿ ನೂರು ಸಲ ಹೇಳಿದ್ದರು. ತಟ್ಟೆ ಜೋಡಿಸುತ್ತಿದ್ದವರಿಗೂ ನನ್ನ ಸಲಾಂ ಹೇಳಿ. ಅಲ್ಲಾ ನಿಮ್ಮನ್ನು ಸುಖವಾಗಿಡಲಿ.

ಇತಿ,
ಗುಲ್ನಾಜ್

ಮರೆತಿದ್ದೆ: ಅಂಚೆ ಡಬ್ಬಿಗೆ ಹಾಕುವ ಮೊದಲು ಇಷ್ಟು ಬರೆಯುತ್ತೇನೆ. ಜೊತೆಗೆ ಒಂದು ಮಡಚಿದ ಕಾಗದವಿದೆ, ಜೋಪಾನವಾಗಿ ಬಿಚ್ಚಿ. ಶಾಂತಕುಮಾರಿ ಟೀಚರ ಮನೆಯ ಕುಂಡದಲ್ಲಿ ಜನವರಿ 20ರ ಸೋಮವಾರ ಹೂ ಬಿಟ್ಟಿತು. ಒಂದೇ ಹೂ, ಗೇಣುದ್ದ ದಂಟು, ತಲೆ ಬಗ್ಗಿಸಿಕೊಂಡು. ನೀವು ಆ ನಗುವ ಮುಖ ಕಳಿಸಿ ಕೇಳಿದಾಗ ಕುಂಡ ನನ್ನ ಚಹಾದ ಪಕ್ಕದಲ್ಲಿತ್ತು. ಅಮ್ಮಿ ಕೇಳಿದಾಗ ಹೂ ಈ ಕಾಗದದ ಮಡಿಕೆಯಲ್ಲಿ, ನನ್ನ ಬ್ಯಾಗಿನಲ್ಲಿ, ಆ ಚೀಟಿಯ ಜೊತೆ ಇತ್ತು. ತೆಗೆದು ತೋರಿಸಿದ್ದರೆ ನನ್ನ ಕೈ ಆ ಆರೋಪದಿಂದ ಬಿಡುಗಡೆಯಾಗುತ್ತಿತ್ತು. ಅಮ್ಮಿಯ ನೆಮ್ಮದಿಗಾಗಿ ತೋರಿಸಲಿಲ್ಲ ಎಂದು ಶಾಂತಕುಮಾರಿ ಟೀಚರ್ ತಿಳಿದಿದ್ದಾರೆ, ಇರಬಹುದು. ನಿಮಗಾಗಿ ಅಲ್ಲ. ಅಮ್ಮಿ ಮಾಫ್ ಮಾಡಿದ್ದು ಹೂ ಬಿಡದೇ ಇದ್ದದ್ದರಿಂದ ಬಾರದ ಮಗನಿಗೆ. ಅಂಥ ಮಗ ಅವರಿಗೆ ಇರಲಿಲ್ಲ. ಇದ್ದ ಮಗನಿಗೆ ಏನು ಹೇಳುತ್ತಿದ್ದರು ಎಂದು ಕೇಳಲು ಈಗ ಯಾರೂ ಇಲ್ಲ. ಹೂವನ್ನು ನಿಮ್ಮ ಗೋದಾಮಿನಲ್ಲಿ ಯಾರಿಗಾದರೂ ತೋರಿಸಿ, ನಿಜವಾದದ್ದೇ ಎನ್ನುತ್ತಾರೆ. ಒಳಗಿನ ಮೂರು ಎಸಳುಗಳ ತುದಿಯ ಹಸಿರು ಗುರುತು ಒಣಗಿದ ಮೇಲೂ ಕಾಣುತ್ತದೆ.